ಊರು ತೊರೆದವರೊಡನೆ ವ್ಯಾಯಾಮದ ಸಹವಿನ್ಯಾಸ: ಜತ್ತ ಗಡಿಭಾಗದ ಭಾಷಿಕ ನೆಲೆಯಿಂದ ಒಂದು ವಿವೇಚನೆ

ವ್ಯಾಯಾಮ ಕಲಿಸುವವರ ಮಾತು ಬಹಳ ಚಿಕ್ಕದು. ಅದರಲ್ಲಿ ಮುಖ್ಯವಾಗಿ ಎರಡೇ ಬಗೆಯ ಪದಗಳಿರುತ್ತವೆ: ಮೈಯ ಅಂಗಗಳ ಹೆಸರು ಮತ್ತು ಆಜ್ಞಾರ್ಥಕ ಕ್ರಿಯಾಪದ. ಕೈ ಎತ್ತಿರಿ, ಬೆನ್ನು ನೇರ ಮಾಡಿರಿ, ಉಸಿರು ಬಿಡಿರಿ. ವ್ಯಾಕರಣದ ದೃಷ್ಟಿಯಿಂದ ಇದಕ್ಕಿಂತ ಸರಳವಾದ ವಾಕ್ಯಗಳು ವಿರಳ. ಆದರೆ ಎರಡು ಭಾಷೆಗಳು ಕೂಡುವ ನೆಲದಲ್ಲಿ ಈ ಸರಳತೆಯನ್ನು ನಂಬುವಂತಿಲ್ಲ. ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಪೂರ್ವಭಾಗದ ಉಮದಿ, ಸಂಖ ಮೊದಲಾದ ಊರುಗಳಲ್ಲಿ ಮನೆಯ ಮಾತು ಬಹುಮಟ್ಟಿಗೆ ಕನ್ನಡ. ಆಡಳಿತದ ಮಾತು ಮರಾಠಿ. ಮರಾಠಿಯಲ್ಲಿ ‘ಮಾನ’ ಎಂದರೆ ಕುತ್ತಿಗೆ. ಕನ್ನಡದ ಕಿವಿಗೆ ಅದು ಮರ್ಯಾದೆ. ಮರಾಠಿಯ ‘ಪಾಠ’ ಬೆನ್ನು, ಕನ್ನಡದ ‘ಪಾಠ’ ಓದುವ ವಿಷಯ. ಮರಾಠಿಯ ‘ಪಾಯ’ ಕಾಲು, ಕನ್ನಡದ ‘ಪಾಯ’ ಮನೆಯ ಬುನಾದಿ. ಮರಾಠಿಯ ‘ದಂಡ’ ತೋಳಿನ ಮೇಲ್ಭಾಗ, ಕನ್ನಡದಲ್ಲಿ ‘ದಂಡ’ ತಪ್ಪಿಗೆ ಕಟ್ಟುವ ಹಣ. ‘ಮಾನ ಖಾಲೀ ಕರಾ’ ಎಂಬ ಮರಾಠಿ ಸೂಚನೆ ಕುತ್ತಿಗೆಯನ್ನು ಕೆಳಗೆ ಬಾಗಿಸಲು ಹೇಳುತ್ತದೆ. ಕನ್ನಡವೊಂದನ್ನೇ ಬಲ್ಲವರಿಗೆ ಅದು ಮಾನವನ್ನು ಬರಿದು ಮಾಡಲು ಹೇಳಿದಂತೆ ಕೇಳಿಸುತ್ತದೆ.

ಒಂದೊಂದು ಪದಕ್ಕೂ ತನ್ನದೇ ಚರಿತ್ರೆಯಿದೆ. ಮರಾಠಿಯ ‘ಪಾಠ’ ಸಂಸ್ಕೃತದ ಪೃಷ್ಠದಿಂದ, ‘ಪಾಯ’ ಪಾದದಿಂದ, ‘ಮಾನ’ ಮನ್ಯಾ ಶಬ್ದದಿಂದ ಸವೆದು ಬಂದವು. ಕನ್ನಡ ಇದೇ ಉಚ್ಚಾರದ ಬೇರೆ ಪದಗಳನ್ನು ಬೇರೆ ದಾರಿಯಿಂದ ಪಡೆಯಿತು. ಎರಡೂ ಭಾಷೆಗಳಲ್ಲಿ ವ್ಯವಹರಿಸುವವರಿಗೆ ಇದು ನಗೆಯ ವಿಷಯವಾಗಬಹುದು. ಜೀವಮಾನವಿಡೀ ಕನ್ನಡದಲ್ಲಿಯೇ ನೋವನ್ನು ಹೇಳಿಕೊಂಡ ವೃದ್ಧೆಗೆ, ಮರಾಠಿ ಇನ್ನೂ ಬಾರದ ಮಗುವಿಗೆ ಅದು ನಗೆಯ ವಿಷಯವಲ್ಲ. ನಿರಾಶ್ರಿತರಿಗಾಗಿ ಮತ್ತು ಆಶ್ರಯ ಕೋರಿ ಬಂದವರಿಗಾಗಿ ಜಗತ್ತಿನ ಹಲವೆಡೆ ರೂಪುಗೊಳ್ಳುತ್ತಿರುವ ವ್ಯಾಯಾಮ ಕ್ರಮಗಳ ಮುಂದಿರುವ ಮೊದಲ ಪ್ರಶ್ನೆಯೂ ಇದೇ: ಯಾರ ಮಾತಿನಲ್ಲಿ, ಯಾರೊಡನೆ ಕುಳಿತು ಆ ಕ್ರಮವನ್ನು ಕಟ್ಟಬೇಕು? ಈ ಪ್ರಶ್ನೆಗೆ ದೊರೆತಿರುವ ಉತ್ತರಗಳನ್ನು ವಿವರಿಸಿ, ಜತ್ತದಂತಹ ಗಡಿ ತಾಲ್ಲೂಕಿಗೆ ಅವು ಎಷ್ಟರಮಟ್ಟಿಗೆ ಒಗ್ಗುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಭಾಷೆಯ ಗಡಿಗಳು

ಮೊದಲಿಗೆ ಪದಗಳ ಅರ್ಥವ್ಯಾಪ್ತಿಯನ್ನು ಗೊತ್ತುಪಡಿಸಿಕೊಳ್ಳಬೇಕು. 1951ರ ನಿರಾಶ್ರಿತರ ಒಡಂಬಡಿಕೆಯ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳಕ್ಕೆ ಒಳಗಾಗುವ ಸಕಾರಣ ಭಯದಿಂದ ಸ್ವದೇಶದ ಹೊರಗಿರುವವರು ನಿರಾಶ್ರಿತರು. ಅಂತಹ ಮನ್ನಣೆಗಾಗಿ ಅರ್ಜಿ ಸಲ್ಲಿಸಿ ತೀರ್ಮಾನಕ್ಕೆ ಕಾಯುತ್ತಿರುವವರು ಆಶ್ರಯ ಕೋರಿದವರು. ಭಾರತವು ಈ ಒಡಂಬಡಿಕೆಗಾಗಲಿ 1967ರ ಪೂರಕ ಒಪ್ಪಂದಕ್ಕಾಗಲಿ ಸಹಿ ಹಾಕಿಲ್ಲ. ಆದರೂ ಟಿಬೆಟ್, ಶ್ರೀಲಂಕಾ ಮತ್ತಿತರ ಕಡೆಗಳಿಂದ ಬಂದವರಿಗೆ ದೇಶದಲ್ಲಿ ನೆಲೆ ದೊರೆತಿದೆ.

ಜತ್ತದಿಂದ ಪ್ರತಿವರ್ಷ ಕಬ್ಬು ಕಡಿಯಲು ಹೊರಡುವ ಕುಟುಂಬಗಳು ಈ ಅರ್ಥದಲ್ಲಿ ನಿರಾಶ್ರಿತರಲ್ಲ. ಅವರ ಪೌರತ್ವಕ್ಕೆ ಧಕ್ಕೆಯಿಲ್ಲ. ಅವರನ್ನು ಹೊರಡಿಸುವುದು ಬರ, ಸಾಲ ಮತ್ತು ಕೂಲಿಯ ಅಗತ್ಯ. ಇಬ್ಬರನ್ನೂ ಒಂದೇ ಹೆಸರಿನಿಂದ ಕರೆದರೆ ನಿರಾಶ್ರಿತರ ಕಾನೂನುಬದ್ಧ ರಕ್ಷಣೆಯ ವಾದ ಸಡಿಲಗೊಳ್ಳುತ್ತದೆ, ಗುಳೆ ಹೋಗುವವರ ಹಕ್ಕಿನ ಪ್ರಶ್ನೆಯೂ ಮಸುಕಾಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಎರಡೂ ಗುಂಪುಗಳನ್ನು ಬೇರೆಬೇರೆಯಾಗಿಯೇ ಇರಿಸಿಕೊಳ್ಳಲಾಗಿದೆ. ನಿರಾಶ್ರಿತರೊಡನೆ ಕೆಲಸ ಮಾಡಿ ಕಲಿತ ವಿಧಾನವನ್ನು ಮಾತ್ರ ಇಲ್ಲಿಗೆ ತರಬಹುದು.

ಆ ವಿಧಾನಕ್ಕೆ ಕನ್ನಡದಲ್ಲಿ ‘ಸಹವಿನ್ಯಾಸ’ ಎಂಬ ಹೆಸರು ಸಲ್ಲುತ್ತದೆ. ಒಂದು ಸೇವೆಯನ್ನು ಬಳಸುವವರೇ ಅದರ ಉದ್ದೇಶ, ಸ್ವರೂಪ, ವೇಳೆ ಮತ್ತು ಅಳತೆಗೋಲುಗಳನ್ನು ಪರಿಣತರ ಜೊತೆ ಸಮಾನವಾಗಿ ಕುಳಿತು ತೀರ್ಮಾನಿಸುವುದು ಇದರ ತಿರುಳು. ಇದು ಏಕಾಏಕಿ ಹುಟ್ಟಿದ ಕಲ್ಪನೆಯಲ್ಲ. ಶೆರಿ ಆರ್ನ್‌ಸ್ಟೀನ್ 1969ರಲ್ಲಿ ಪ್ರಜೆಗಳ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿ, ಕೆಳಗಿನ ಮೆಟ್ಟಿಲುಗಳಲ್ಲಿ ಪಾಲ್ಗೊಳ್ಳುವಿಕೆ ಬರಿಯ ತೋರಿಕೆ ಎಂದು ಗುರುತಿಸಿದರು. 1978ರ ಆಲ್ಮಾ ಆಟಾ ಘೋಷಣೆ ತಮ್ಮ ಆರೋಗ್ಯಸೇವೆಯ ಯೋಜನೆಯಲ್ಲಿ ಮತ್ತು ಅದರ ಜಾರಿಯಲ್ಲಿ ಭಾಗವಹಿಸುವುದು ಜನರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು ಸಾರಿತು. ಅದಕ್ಕೂ ಮೊದಲೇ, 1970ರಲ್ಲಿ, ಮಹಾರಾಷ್ಟ್ರದ ಬರಪೀಡಿತ ಜಾಮಖೇಡದಲ್ಲಿ ರಜನೀಕಾಂತ ಮತ್ತು ಮೇಬೆಲ್ ಆರೋಳೆ ದಂಪತಿಗಳು ಹಳ್ಳಿಯ ಹೆಣ್ಣುಮಕ್ಕಳನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಬೆಳೆಸುವ ಪ್ರಯೋಗವನ್ನು ಆರಂಭಿಸಿದ್ದರು.

ಮೇಲಿನಿಂದ ಬಂದ ಕ್ರಮ, ಒಳಗಿನಿಂದ ಬೆಳೆದ ಕ್ರಮ

ಜನರಿಗೆ ವ್ಯಾಯಾಮ ಕ್ರಮವೊಂದನ್ನು ಹೇಗೆ ಕೊಡಬಹುದು ಎಂಬುದಕ್ಕೆ ಕೃಷ್ಣಾ ಕಣಿವೆಯ ಈ ಭಾಗದಲ್ಲಿಯೇ ಎರಡು ವಿಭಿನ್ನ ಮಾದರಿಗಳು ದೊರೆಯುತ್ತವೆ.

ಮೊದಲನೆಯದು ಔಂಧ ಸಂಸ್ಥಾನದ್ದು. ಇಂದು ಸಾಂಗ್ಲಿ ಜಿಲ್ಲೆಗೆ ಸೇರಿದ ಆಟಪಾಡಿ ಆ ಸಂಸ್ಥಾನದ ಭಾಗವಾಗಿತ್ತು. ಅಲ್ಲಿನ ಅರಸ ಭವಾನರಾವ್ ಪಂತ ಪ್ರತಿನಿಧಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸೂರ್ಯನಮಸ್ಕಾರವನ್ನು ಒಂದು ಶಾಸ್ತ್ರೀಯ ವ್ಯಾಯಾಮ ಕ್ರಮವಾಗಿ ರೂಪಿಸಿ, ಸಂಸ್ಥಾನದ ಶಾಲೆಗಳಲ್ಲಿ ಜಾರಿಗೆ ತಂದು, ಅದರ ಮೇಲೆ ಪುಸ್ತಕವನ್ನೂ ಬರೆದರು. ಖರ್ಚಿಲ್ಲದ, ಸಲಕರಣೆ ಬೇಡದ, ಗಂಡುಹೆಣ್ಣೆಂಬ ಭೇದವಿಲ್ಲದ ಆ ಕ್ರಮದ ಹಿರಿಮೆಯನ್ನು ಅಲ್ಲಗಳೆಯಲಾಗದು. ಆದರೆ ಅದು ಅರಸನು ಪ್ರಜೆಗಳಿಗೆ ಕೊಟ್ಟದ್ದು. ಭಂಗಿಗಳ ಸಂಖ್ಯೆ, ಅನುಕ್ರಮ, ಜೊತೆಗೆ ಉಚ್ಚರಿಸಬೇಕಾದ ಬೀಜಮಂತ್ರ ಎಲ್ಲವೂ ಮೊದಲೇ ನಿಗದಿಯಾಗಿದ್ದವು.

ಎರಡನೆಯದು ಕೊಲ್ಹಾಪುರದ ಸಮೀಪದ ವಳಿವಡೆಯದು. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಪೂರ್ವ ಪೋಲೆಂಡಿನಿಂದ ಸೋವಿಯತ್ ಒಕ್ಕೂಟದ ಒಳನಾಡಿಗೆ ಬಲವಂತವಾಗಿ ಸಾಗಿಸಲ್ಪಟ್ಟು, 1941ರ ಬಳಿಕ ಬಿಡುಗಡೆ ಹೊಂದಿ, ಇರಾನಿನ ಮಾರ್ಗವಾಗಿ ಬಂದ ಸುಮಾರು 5,000 ಪೋಲಿಷ್ ನಿರಾಶ್ರಿತರು 1943ರಿಂದ 1948ರವರೆಗೆ ಅಲ್ಲಿನ ಶಿಬಿರದಲ್ಲಿ ನೆಲೆಸಿದ್ದರು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಹಸಿವು, ಚಳಿ, ಕಾಯಿಲೆ ಮತ್ತು ಸಾವುಗಳನ್ನು ಕಂಡು ಬಂದ ಮೈಗಳವು. ಶಿಬಿರದಲ್ಲಿ ಪೋಲಿಷ್ ಭಾಷೆಯ ಶಾಲೆಗಳು ನಡೆದವು, ರಂಗಪ್ರದರ್ಶನಗಳು ನಡೆದವು, ಪೋಲಿಷ್ ಸ್ಕೌಟ್ ಮತ್ತು ಗೈಡ್ ದಳಗಳು ಬಲವಾಗಿ ಬೆಳೆದವು. ಆಟ, ನಡಿಗೆ, ಬಯಲು ಶಿಬಿರ ಮತ್ತು ಹಾಡು ಅಲ್ಲಿನ ಮಕ್ಕಳ ದಿನಚರಿಯನ್ನು ಸೇರಿದ್ದು ಈ ದಳಗಳ ಮೂಲಕ. ಅವುಗಳ ನಾಯಕರು ಶಿಬಿರದೊಳಗಿನ ಹಿರಿಯರು, ಭಾಷೆ ಅವರದೇ, ಕ್ರಮವೂ ಅವರು ತಮ್ಮ ನಾಡಿನಿಂದ ನೆನಪಿನಲ್ಲಿ ಹೊತ್ತು ತಂದದ್ದು. ಅಂದು ಸಹವಿನ್ಯಾಸವೆಂಬ ಹೆಸರಿರಲಿಲ್ಲವಾದರೂ ಅದರ ಮುಖ್ಯ ಲಕ್ಷಣ ಅಲ್ಲಿ ಕಾಣುತ್ತದೆ. ನೆರವು ಕೊಟ್ಟವರು ಜಾಗವನ್ನೂ ಸೌಕರ್ಯವನ್ನೂ ಒದಗಿಸಿದರು, ಚಲನೆಯ ಒಳವಸ್ತುವನ್ನು ನಿರಾಶ್ರಿತರೇ ತುಂಬಿದರು.

ಪೋಲಿಷರು ಹೊರಟ ಬಳಿಕ ಅದೇ ನೆಲದಲ್ಲಿ ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡ ಸಿಂಧಿ ಕುಟುಂಬಗಳು ನೆಲೆ ನಿಂತವು. ಇಂದು ಬಟ್ಟೆಯ ವ್ಯಾಪಾರಕ್ಕೆ ಹೆಸರಾದ ಗಾಂಧಿನಗರ ಹೀಗೆ ಬೆಳೆಯಿತು. ನಿರಾಶ್ರಿತರೆಂಬ ಪದ ಈ ಸೀಮೆಗೆ ದೂರದ ಸುದ್ದಿಯಾಗಿ ಬಂದದ್ದಲ್ಲ.

ಕರ್ನಾಟಕದ ಟಿಬೆಟನ್ ನೆಲೆಗಳು

ಗಡಿಯ ಈಚೆಗೆ, ಕರ್ನಾಟಕದಲ್ಲಿ, ಹೆಚ್ಚು ದೀರ್ಘವಾದ ಅನುಭವವಿದೆ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡದಲ್ಲಿ, ಆಮೇಲೆ ಹುಣಸೂರು ಮತ್ತು ಕೊಳ್ಳೇಗಾಲ ಭಾಗಗಳಲ್ಲಿ ಟಿಬೆಟನ್ ನಿರಾಶ್ರಿತರ ನೆಲೆಗಳು ಸ್ಥಾಪನೆಯಾದವು. ಎತ್ತರದ ಶೀತಪ್ರದೇಶದಿಂದ ಬಂದ ಜನ ಮೊದಲ ವರ್ಷಗಳಲ್ಲಿ ಕಾಡು ಕಡಿದು ಹೊಲ ಮಾಡಬೇಕಾಯಿತು; ಸೆಕೆ, ಕಾಯಿಲೆಗಳೊಡನೆ ಹೆಣಗಬೇಕಾಯಿತು. ಆ ತಲೆಮಾರಿಗೆ ವ್ಯಾಯಾಮ ಸಾಲದೆಂದು ಯಾರೂ ಹೇಳಲಾರರು. ಅವರ ಮುಂದಿನ ತಲೆಮಾರುಗಳ ಸ್ಥಿತಿ ಬೇರೆ. ಕುಳಿತು ಅಧ್ಯಯನ ಮಾಡುವ ಭಿಕ್ಷುಗಳಿಗೆ, ಅಂಗಡಿ ನಡೆಸುವವರಿಗೆ, ಮಕ್ಕಳೆಲ್ಲ ಹೊರದೇಶಗಳಿಗೆ ಹೋಗಿ ಒಂಟಿಯಾಗಿ ಉಳಿದ ವೃದ್ಧರಿಗೆ ರಕ್ತದೊತ್ತಡ, ಮಧುಮೇಹ ಮತ್ತು ಒಂಟಿತನದ ಪ್ರಶ್ನೆಗಳು ಎದುರಾಗುತ್ತವೆ.

ಈ ನೆಲೆಗಳಲ್ಲಿ ಚಲನೆಯ ಸಂಸ್ಕೃತಿ ಮೊದಲಿನಿಂದಲೂ ಇದೆ. ಸ್ತೂಪ ಮತ್ತು ದೇಗುಲಗಳನ್ನು ಬಲಗೊಳ್ಳುವ ‘ಕೋರಾ’ ಪ್ರದಕ್ಷಿಣೆಯಲ್ಲಿ ಮುದುಕರು ಬೆಳಗು ಸಂಜೆ ನಡೆಯುತ್ತಾರೆ. ಸಾಷ್ಟಾಂಗ ನಮಸ್ಕಾರ ಇಡೀ ಮೈಯನ್ನು ಬಗ್ಗಿಸಿ ಎಬ್ಬಿಸುವ ಕ್ರಿಯೆ. ‘ಗೋರ್ಶೆ’ ಎಂಬ ವೃತ್ತನೃತ್ಯದಲ್ಲಿ ಎಲ್ಲ ವಯಸ್ಸಿನವರೂ ಹೆಜ್ಜೆ ಹಾಕುತ್ತಾರೆ. ಹೊರಗಿನಿಂದ ಬಂದ ವ್ಯಾಯಾಮ ತಜ್ಞರು ಇವುಗಳನ್ನು ಧರ್ಮ ಅಥವಾ ಮನರಂಜನೆ ಎಂದು ಪಕ್ಕಕ್ಕಿರಿಸಿ, ದಿನಕ್ಕೆ ಅರ್ಧ ಗಂಟೆ ನಡೆಯಿರಿ ಎಂದು ಚೀಟಿ ಬರೆದುಕೊಟ್ಟರೆ ಇರುವ ಸಂಪತ್ತನ್ನೇ ಕಾಣದಂತಾಗುತ್ತದೆ. ಪ್ರದಕ್ಷಿಣೆಯನ್ನು ಬರಿಯ ವ್ಯಾಯಾಮವೆಂದು ಎಣಿಸಿ ಹೆಜ್ಜೆ ಲೆಕ್ಕಹಾಕಲು ಹೊರಟರೂ ತಪ್ಪಾಗುತ್ತದೆ. ಅದರ ಅರ್ಥವನ್ನು ನಿರ್ಣಯಿಸುವ ಅಧಿಕಾರ ನಡೆಯುವವರದು. ಯಾವ ಚಲನೆಯನ್ನು ಕ್ರಮದೊಳಗೆ ಸೇರಿಸಬಹುದು, ಯಾವುದನ್ನು ಹಾಗೆಯೇ ಬಿಡಬೇಕು ಎಂಬುದನ್ನು ಕೇಳಿಯೇ ತಿಳಿಯಬೇಕು. ಸಹವಿನ್ಯಾಸದ ಮೊದಲ ಪ್ರಯೋಜನ ಇಲ್ಲಿ ಕಾಣುತ್ತದೆ.

ಸಹವಿನ್ಯಾಸ ನಡೆಯುವ ಬಗೆ

ವ್ಯಾಯಾಮದಿಂದ ಖಿನ್ನತೆ ತಗ್ಗುತ್ತದೆ, ನಿದ್ರೆ ಸುಧಾರಿಸುತ್ತದೆ ಎಂಬುದಕ್ಕೆ ಸಾಮಾನ್ಯ ಜನರ ಮೇಲೆ ನಡೆದ ಅಧ್ಯಯನಗಳಲ್ಲಿ ಸಾಕಷ್ಟು ಆಧಾರಗಳಿವೆ. ನಿರಾಶ್ರಿತರ ನಡುವಿನ ಅಧ್ಯಯನಗಳು ಅದಕ್ಕೆ ಹೋಲಿಸಿದರೆ ಕಡಿಮೆ. ಗ್ರೀಸಿನ ಕೌಟ್ಸೊಚೆರೊ ಶಿಬಿರದಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ಹತ್ತು ವಾರಗಳ ಆಟ ಮತ್ತು ವ್ಯಾಯಾಮದ ಕ್ರಮವೊಂದನ್ನು ನಡೆಸಿ ಅದರ ಪರಿಣಾಮವನ್ನು ಅಳೆದದ್ದು ಇತ್ತೀಚಿನ ವರ್ಷಗಳ ಗಮನಾರ್ಹ ಪ್ರಯತ್ನ. ಇಂತಹ ಕೆಲಸಗಳಲ್ಲಿ ಮತ್ತೆಮತ್ತೆ ಎದುರಾಗುವ ತೊಡಕು, ಜನ ಬರುವುದೇ ಇಲ್ಲ ಅಥವಾ ಬಂದವರು ನಿಲ್ಲುವುದಿಲ್ಲ ಎಂಬುದು. ಕಾರಣಗಳು ಸೋಮಾರಿತನದಲ್ಲಿಲ್ಲ. ಮಗುವನ್ನು ನೋಡಿಕೊಳ್ಳುವವರಿರುವುದಿಲ್ಲ, ಗಂಡಸರ ಎದುರಿನಲ್ಲಿ ಮೈ ಬಾಗಿಸಲು ಹೆಂಗಸರು ಒಲ್ಲರು, ಹಾಜರಿ ಪುಸ್ತಕದ ಹೆಸರು ಯಾವ ಕಚೇರಿಗೆ ತಲುಪೀತೋ ಎಂಬ ಅಂಜಿಕೆ ಇರುತ್ತದೆ, ಅರ್ಜಿಯ ತೀರ್ಮಾನ ಯಾವಾಗ ಬರುತ್ತದೋ ತಿಳಿಯದೆ ಮುಂದಿನ ತಿಂಗಳ ಯೋಚನೆಯೇ ಅಸಾಧ್ಯವಾಗಿರುತ್ತದೆ.

ಮೈಯಲ್ಲಿ ಅಡಗಿರುವ ಕಾರಣಗಳೂ ಉಂಟು. ಅಂಗಾಲಿಗೆ ಹೊಡೆದು ಹಿಂಸಿಸಲ್ಪಟ್ಟವರಿಗೆ ಓಟ ನೋವಿನ ಪುನರಾವರ್ತನೆ. ಮಂಡಿಯೂರಿ ತಲೆಯ ಹಿಂದೆ ಕೈಕಟ್ಟುವ ಭಂಗಿ ಬಂಧನದಲ್ಲಿದ್ದವರಿಗೆ ಬೇರೆಯದನ್ನೇ ನೆನಪಿಸುತ್ತದೆ. ‘ಹಾತ ವರ ಕರಾ’ ಎಂಬ ಮರಾಠಿ ವಾಕ್ಯ ಶಾಲೆಯ ಕವಾಯತಿನಲ್ಲಿಯೂ ಪೊಲೀಸರ ಬಾಯಲ್ಲಿಯೂ ಒಂದೇ. ಕನ್ನಡದ ‘ಕೈ ಮೇಲೆತ್ತಿ’ ಕೂಡ ಹಾಗೆಯೇ. ಆದ್ದರಿಂದ ಹಿಂಸೆಗೆ ಒಳಗಾದವರೊಡನೆ ಕೆಲಸ ಮಾಡುವವರು ಆಜ್ಞೆಯ ರೂಪವನ್ನು ಬಿಟ್ಟು ಆಯ್ಕೆಯ ರೂಪವನ್ನು ಬಳಸುತ್ತಾರೆ: ಬೇಕೆನಿಸಿದರೆ ಕಣ್ಣು ಮುಚ್ಚಬಹುದು, ತೆರೆದೂ ಇರಬಹುದು, ಒಲ್ಲೆನಿಸಿದರೆ ಕುಳಿತು ನೋಡಬಹುದು. ವಿಧ್ಯರ್ಥದಿಂದ ಸಂಭಾವನಾರ್ಥಕ್ಕೆ ಜರುಗುವ ಈ ಸಣ್ಣ ವ್ಯಾಕರಣ ವ್ಯತ್ಯಾಸವೇ ಚಿಕಿತ್ಸೆಯ ಒಂದು ಭಾಗವಾಗುತ್ತದೆ.

ಸಹವಿನ್ಯಾಸದ ಕೆಲಸ ಸಾಮಾನ್ಯವಾಗಿ ಐದು ಹಂತಗಳಲ್ಲಿ ಸಾಗುತ್ತದೆ. ಮೊದಲ ಹಂತ ಕೇಳುವುದು. ಇಲ್ಲಿ ವ್ಯಾಯಾಮದ ಮಾತನ್ನೇ ಎತ್ತದೆ ದಿನಚರಿ, ದಣಿವು, ನಿದ್ರೆ, ಹಿಂದೆ ಆಡುತ್ತಿದ್ದ ಆಟಗಳನ್ನು ಕುರಿತು ಮಾತುಕತೆ ನಡೆಯುತ್ತದೆ. ಎರಡನೆಯದು ಮೈಯ ನಕ್ಷೆ: ದೊಡ್ಡ ಹಾಳೆಯಲ್ಲಿ ಮೈಯ ಹೊರಗೆರೆ ಬರೆದು, ಎಲ್ಲಿ ನೋವು, ಎಲ್ಲಿ ಬಲ ಎಂಬುದನ್ನು ಭಾಗವಹಿಸುವವರೇ ತಮ್ಮ ಪದಗಳಲ್ಲಿ ಗುರುತಿಸುತ್ತಾರೆ. ಅಕ್ಷರ ಬಾರದವರು ಬಣ್ಣದಿಂದ, ಕಾಳುಗಳಿಂದ ಗುರುತಿಸಬಹುದು. ಮೂರನೆಯ ಹಂತದಲ್ಲಿ ಚಲನೆಗಳನ್ನು ಆರಿಸಲಾಗುತ್ತದೆ. ದೇಹಚಿಕಿತ್ಸಕರು ಯಾವುದರಿಂದ ಅಪಾಯವೆಂದು ತಿಳಿಸುತ್ತಾರೆ, ಯಾವುದು ಹಿತವೆಂದು ಗುಂಪು ಹೇಳುತ್ತದೆ. ನಾಲ್ಕನೆಯದು ಕೆಲವು ವಾರಗಳ ಪ್ರಯೋಗ ಮತ್ತು ತಿದ್ದುಪಡಿ. ಐದನೆಯದು ಒಪ್ಪಿಸುವಿಕೆ, ಅಂದರೆ ಗುಂಪಿನವರೇ ಮುಂದಾಳುಗಳಾಗಿ ಕ್ರಮವನ್ನು ನಡೆಸುವಂತಾಗುವುದು. ಯೋಜನೆಯ ಹಣ ಮುಗಿದ ಮೇಲೆ ಉಳಿಯುವುದು ಈ ಕೊನೆಯ ಹಂತದಲ್ಲಿ ಕೈಗೂಡಿದ್ದು ಮಾತ್ರ.

ಕಬ್ಬಿನ ಹೊಲದ ಮೈ

ಈ ವಿಧಾನವನ್ನು ಜತ್ತಕ್ಕೆ ತಂದರೆ ಏನಾಗಬಹುದು? ತಾಲ್ಲೂಕು ಮಳೆನೆರಳಿನ ಪ್ರದೇಶದಲ್ಲಿದೆ. ಮಹಾರಾಷ್ಟ್ರದ ಮ್ಹೈಸಾಳ ಏತನೀರಾವರಿ ಯೋಜನೆಯ ನೀರು ಎಲ್ಲ ಊರುಗಳಿಗೂ ತಲುಪಬೇಕೆಂಬುದು ಇಲ್ಲಿನ ಹಳೆಯ ಬೇಡಿಕೆ. ನೀರಿಲ್ಲದ ಊರುಗಳಿಂದ ಸಾವಿರಾರು ಜನ ದೀಪಾವಳಿಯ ಆಸುಪಾಸಿನಲ್ಲಿ ಹೊರಟು, ಸಾಂಗ್ಲಿ ಮತ್ತು ಕೊಲ್ಹಾಪುರ ಜಿಲ್ಲೆಗಳ, ಉತ್ತರ ಕರ್ನಾಟಕದ ಕಬ್ಬಿನ ಹೊಲಗಳಲ್ಲಿ ದುಡಿದು, ಬೇಸಿಗೆಯಲ್ಲಿ ಮರಳುತ್ತಾರೆ. ಮುಕಾದಮನಿಂದ ಮುಂಗಡವಾಗಿ ಪಡೆದ ‘ಉಚಲ’ ಈ ಪ್ರಯಾಣದ ಕೊಂಡಿ. ಕೂಲಿಯ ಲೆಕ್ಕದಲ್ಲಿ ಗಂಡಹೆಂಡತಿ ಇಬ್ಬರೂ ಸೇರಿ ಒಂದು ‘ಕೊಯ್ತಾ’. ಕಬ್ಬು ಕಡಿಯುವ ಕತ್ತಿಯ ಹೆಸರೇ ಇಬ್ಬರು ಮನುಷ್ಯರ ಹೆಸರಾಗಿದೆ.

ಕಬ್ಬನ್ನು ನೆಲಮಟ್ಟಕ್ಕೆ ಕಡಿಯಬೇಕು. ಅದಕ್ಕಾಗಿ ಸೊಂಟದಿಂದ ಬಾಗಿ, ಒಂದು ಕೈಯಲ್ಲಿ ಜಲ್ಲೆ ಹಿಡಿದು ಇನ್ನೊಂದರಿಂದ ಬೀಸಬೇಕು. ಗರಿ ಸವರಿ, ‘ಮೋಳಿ’ ಕಟ್ಟಿ, ತಲೆಯ ಮೇಲೆ ಹೊತ್ತು, ಹಲಗೆಯೋ ಏಣಿಯೋ ಹತ್ತಿ ವಾಹನಕ್ಕೆ ತುಂಬಬೇಕು. ವಾಹನ ನಡುರಾತ್ರಿಗೆ ಬಂದರೆ ನಡುರಾತ್ರಿಯಲ್ಲಿಯೇ ತುಂಬಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆಯನ್ನು ಸೂಚಿಸುತ್ತದೆ. ಕಬ್ಬು ಕಡಿಯುವವರ ಮೈ ಆ ಲೆಕ್ಕವನ್ನು ಮೊದಲ ದಿನವೇ ದಾಟುತ್ತದೆ. ಹಾಗೆಂದು ಆ ದುಡಿಮೆ ಅವರಿಗೆ ಆರೋಗ್ಯ ತರುವುದಿಲ್ಲ. ಬಿಡುವಿನ ವೇಳೆಯ ಚಟುವಟಿಕೆಯಿಂದ ಹೃದಯಕ್ಕೆ ಆಗುವ ಒಳಿತು ಹೊಟ್ಟೆಪಾಡಿನ ಭಾರವಾದ ದೈಹಿಕ ದುಡಿಮೆಯಿಂದ ಅದೇ ರೀತಿ ದೊರೆಯುವುದಿಲ್ಲವೆಂಬುದನ್ನು ಡೆನ್ಮಾರ್ಕ್ ಮೊದಲಾದೆಡೆಯ ಸಂಶೋಧಕರು ಒಂದು ವಿರೋಧಾಭಾಸವಾಗಿ ಗುರುತಿಸಿದ್ದಾರೆ. ವಿಶ್ರಾಂತಿಯಿಲ್ಲದ, ಒಂದೇ ಬಗೆಯ, ವೇಗವನ್ನು ಮತ್ತೊಬ್ಬರು ನಿರ್ಧರಿಸುವ ಚಲನೆ ಮೈಯನ್ನು ಕಟ್ಟುವುದಕ್ಕಿಂತ ಹೆಚ್ಚಾಗಿ ಸವೆಸುತ್ತದೆ.

ಆದ್ದರಿಂದ ಇಂತಹ ಗುಂಪಿಗೆ ಇನ್ನಷ್ಟು ಓಡಿರಿ, ಇನ್ನಷ್ಟು ಎತ್ತಿರಿ ಎಂಬ ಕ್ರಮ ಅಪಹಾಸ್ಯದಂತೆ ತೋರುತ್ತದೆ. ಅವರೊಡನೆ ಕುಳಿತು ರೂಪಿಸಿದ ಕ್ರಮದಲ್ಲಿ ಬಾಗಿದ ಬೆನ್ನನ್ನು ಹಿಂದಕ್ಕೆ ಚಾಚುವುದು, ಬೀಸುವ ತೋಳನ್ನು ಸಡಿಲಿಸುವುದು, ಹೊರೆ ಹೊರುವ ಮೊದಲು ಕುತ್ತಿಗೆಯನ್ನು ಸಿದ್ಧಗೊಳಿಸುವುದು, ಎರಡು ಮೋಳಿಗಳ ನಡುವೆ ಉಸಿರು ಹಿಡಿಯುವ ಬಿಡುವು ಇಂಥವು ಮುಂದೆ ಬರಬಹುದು. ಬಹುಶಃ ಮೊದಲ ಬೇಡಿಕೆ ವ್ಯಾಯಾಮವೇ ಆಗಿರಲಾರದು. ನೆರಳು, ಕುಡಿಯುವ ನೀರು, ಶೌಚಕ್ಕೆ ಮರೆ, ರಾತ್ರಿಯ ನಿದ್ರೆ ಎಂದು ಗುಂಪು ಹೇಳಬಹುದು. ಆ ಉತ್ತರವನ್ನು ವಿಷಯಾಂತರವೆಂದು ತಳ್ಳಿಹಾಕುವ ಕ್ರಮ ಆರ್ನ್‌ಸ್ಟೀನ್ ಏಣಿಯ ಕೆಳಮೆಟ್ಟಿಲಿನಲ್ಲಿಯೇ ನಿಲ್ಲುತ್ತದೆ.

ಮೈಯ ಕುರಿತ ತೀರ್ಮಾನಗಳಲ್ಲಿ ಈ ಜನರ ದನಿ ಎಷ್ಟು ಕ್ಷೀಣವೆಂಬುದಕ್ಕೆ 2019ರಲ್ಲಿ ಮಹಾರಾಷ್ಟ್ರ ಸರ್ಕಾರ ನೇಮಿಸಿದ ಸಮಿತಿಯ ವರದಿ ಸಾಕ್ಷಿ. ಬೀಡ ಜಿಲ್ಲೆಯ 82 ಸಾವಿರಕ್ಕೂ ಹೆಚ್ಚು ಕಬ್ಬು ಕಡಿಯುವ ಮಹಿಳೆಯರ ಸಮೀಕ್ಷೆ ನಡೆಸಿದಾಗ ಅವರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯಾಗಿರುವುದು ಬೆಳಕಿಗೆ ಬಂದಿತು. ಬೀಡ ಮರಾಠಿಯ ಒಳನಾಡು. ಅಲ್ಲಿ ಭಾಷಿಕ ಅಂತರದ ಪ್ರಶ್ನೆ ಮುಖ್ಯವಾಗಿರಲಿಲ್ಲ. ಒಂದೇ ಭಾಷೆಯನ್ನಾಡುವವರ ನಡುವೆಯೇ ಹೀಗಾಗಬಹುದಾದರೆ, ನೋವನ್ನು ಒಂದು ಭಾಷೆಯಲ್ಲಿ ಹೇಳಿ ಇನ್ನೊಂದರಲ್ಲಿ ಬರೆಸಿಕೊಳ್ಳುವವರ ವಿಷಯದಲ್ಲಿ ಎಚ್ಚರ ಇಮ್ಮಡಿಯಾಗಬೇಕು.

ನೋವಿನ ನುಡಿ ಮತ್ತು ಅಳತೆ

ಉತ್ತರದ ಕನ್ನಡದಲ್ಲಿ ನೋವಿಗೆ ಹಲವು ಹೆಸರುಗಳಿವೆ. ‘ಬ್ಯಾನಿ’ ನೋವೂ ಹೌದು, ರೋಗವೂ ಹೌದು. ‘ಉಳುಕು’ ಕೀಲಿನದು, ‘ಚಳಕು’ ಥಟ್ಟನೆ ಚುಚ್ಚಿ ಹೋಗುವುದು, ‘ಸೆಳೆತ’ ಎಳೆಯುವುದು, ‘ಜೋಮು’ ಸ್ಪರ್ಶ ತಪ್ಪಿಸುವುದು. ‘ನಡ’ ಎಂದರೆ ಸೊಂಟ, ಅದು ‘ಬೆನ್ನಿ’ಗಿಂತ ಬೇರೆ. ‘ನಡ ಹಿಡದೈತಿ’ ಎಂಬುದನ್ನು ಬರಿಯ ಬೆನ್ನುನೋವೆಂದು ದಾಖಲಿಸಿದರೆ ನೋವಿನ ಸ್ಥಳವೂ ಸ್ವಭಾವವೂ ಎರಡೂ ಕಳೆದುಹೋಗುತ್ತವೆ. ‘ಎದಿ ಹಾರತೈತಿ’ ಎಂಬ ಮಾತು ಹೃದಯದ ಬಡಿತವನ್ನೂ ಹೇಳಬಹುದು, ಮನಸ್ಸಿನ ಅಂಜಿಕೆಯನ್ನೂ ಹೇಳಬಹುದು. ಕೇಳುವವರಿಗೆ ನುಡಿ ಗೊತ್ತಿದ್ದರೆ ಮಾತ್ರ ಮುಂದಿನ ಪ್ರಶ್ನೆ ಹುಟ್ಟುತ್ತದೆ. ಈ ಪದಗಳ ಪಟ್ಟಿಯನ್ನು ಊರೂರಿನಲ್ಲಿ ಸಂಗ್ರಹಿಸುವುದು ಭಾಷಾ ಸಂಶೋಧನೆಗೂ ಆರೋಗ್ಯ ಸೇವೆಗೂ ಏಕಕಾಲಕ್ಕೆ ಸಲ್ಲುವ ಕೆಲಸ.

ಇದಕ್ಕೆ ಅಂತರರಾಷ್ಟ್ರೀಯ ಪೂರ್ವನಿದರ್ಶನವೂ ಇದೆ. ನಿರಾಶ್ರಿತರ ಮಾನಸಿಕ ಆಘಾತವನ್ನು ಅಳೆಯಲು ವ್ಯಾಪಕವಾಗಿ ಬಳಕೆಯಲ್ಲಿರುವ ಹಾರ್ವರ್ಡ್ ಪ್ರಶ್ನಾವಳಿ 1992ರಲ್ಲಿ ಪ್ರಕಟವಾದಾಗ ಅದು ಕಾಂಬೋಡಿಯಾ, ಲಾವೋಸ್ ಮತ್ತು ವಿಯೆಟ್ನಾಂಗಳಿಂದ ಬಂದವರಿಗಾಗಿ ಅವರವರ ಭಾಷೆಗಳಲ್ಲಿ ಸಿದ್ಧಗೊಂಡಿತ್ತು. ಒಂದು ಭಾಷೆಯಿಂದ ಅನುವಾದಿಸಿ, ಮತ್ತೊಬ್ಬರಿಂದ ಮೂಲಕ್ಕೆ ಹಿಂದಿರುಗಿಸಿ ಅನುವಾದ ಮಾಡಿಸಿ, ವ್ಯತ್ಯಾಸಗಳನ್ನು ಚರ್ಚಿಸುವ ಪದ್ಧತಿ ಇಂದು ಇಂತಹ ಪ್ರಶ್ನಾವಳಿಗಳಿಗೆ ಕನಿಷ್ಠ ಅಗತ್ಯವೆನಿಸಿದೆ. ಸಹವಿನ್ಯಾಸ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಏನನ್ನು ಅಳೆಯಬೇಕೆಂಬುದನ್ನೇ ಜನರ ಮುಂದಿಡುತ್ತದೆ. ನೆಲದ ಮೇಲೆ ಕುಳಿತು ಯಾರ ಆಸರೆಯೂ ಇಲ್ಲದೆ ಏಳುವುದು, ತುಂಬಿದ ಕೊಡವನ್ನು ಹೊತ್ತು ತರುವುದು, ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಗುಡ್ಡಾಪುರದ ದಾನಮ್ಮನ ಗುಡಿಯವರೆಗೆ ನಡೆದು ಹೋಗುವುದು ಇವು ಜನ ತಾವೇ ಅರಿತ ಅಳತೆಗೋಲುಗಳು. ಪ್ರಯೋಗಾಲಯದ ಅಳತೆಗಳ ಪಕ್ಕದಲ್ಲಿ ಇವುಗಳಿಗೂ ಸ್ಥಾನವಿರಬೇಕು.

ಚಲನೆಯ ಸಂಪತ್ತು ಇಲ್ಲಿಯೂ ಕಡಿಮೆಯಿಲ್ಲ. ಡೊಳ್ಳಿನ ಹೆಜ್ಜೆ, ಕೋಲಾಟ, ಗರಡಿಮನೆಯ ಸಾಮು, ಪಂಚಮಿಯ ಜೋಕಾಲಿ, ಹೆಣ್ಣುಮಕ್ಕಳ ಪುಗಡಿ, ಮರಾಠಿ ಸೀಮೆಯಿಂದ ಬಂದು ಶಾಲೆಯ ಅಂಗಳ ಸೇರಿದ ಲೇಝಿಮ್ ಇವೆಲ್ಲ ಎರಡೂ ಭಾಷಿಕರಿಗೆ ಪರಿಚಿತ. ‘ವ್ಯಾಯಾಮ’, ‘ಕಸರತ್ತು’, ‘ತಾಲೀಮು’ ಎಂಬ ಪದಗಳೂ ಎರಡೂ ಭಾಷೆಗಳಿಗೆ ಸಮಾನ. ಎಲ್ಲಿ ಪದಗಳು ಬೇರ್ಪಡುತ್ತವೆಯೋ ಅಲ್ಲಿ ಎಚ್ಚರ ಬೇಕು. ಎಲ್ಲಿ ಕೂಡುತ್ತವೆಯೋ ಅಲ್ಲಿಂದ ಆರಂಭಿಸಬಹುದು. ಎರಡೂ ಭಾಷೆಗಳನ್ನು ಬಲ್ಲ ಆಶಾ ಕಾರ್ಯಕರ್ತೆಯರು, ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರು ಈ ಕೆಲಸದಲ್ಲಿ ಅನುವಾದಕರಾಗಿ ಮಾತ್ರ ಉಳಿಯದೆ ಸಹವಿನ್ಯಾಸಕಾರರೂ ಆಗಬಲ್ಲರು.

ಮಿತಿಗಳು

ಸಹವಿನ್ಯಾಸವನ್ನು ಸರ್ವರೋಗ ಪರಿಹಾರವೆಂದು ಭಾವಿಸಬಾರದು. ಅದು ಜನರ ಸಮಯವನ್ನು ಬೇಡುತ್ತದೆ. ದಿನಗೂಲಿಯವರ ಸಮಯಕ್ಕೆ ಸಂಭಾವನೆ ಕೊಡದೆ ಸಭೆ ಕರೆಯುವುದು ಶೋಷಣೆಯ ಇನ್ನೊಂದು ರೂಪ. ಗುಂಪಿನೊಳಗೆ ಜಾತಿ, ಲಿಂಗ, ವಯಸ್ಸುಗಳ ಮೇಲುಕೀಳುಗಳಿರುತ್ತವೆ. ಗಟ್ಟಿದನಿಯವರ ಅಭಿಪ್ರಾಯವೇ ಎಲ್ಲರ ಅಭಿಪ್ರಾಯವಾಗಿ ದಾಖಲಾಗುವ ಅಪಾಯವಿದೆ. ಮುಕಾದಮನ ಎದುರಿನಲ್ಲಿ ಕೇಳಿದ ಪ್ರಶ್ನೆಗೆ ಸಾಲಗಾರ ನಿಜವಾದ ಉತ್ತರ ಕೊಡಲಾರ; ಶಿಬಿರದ ಅಧಿಕಾರಿಯ ಎದುರಿನಲ್ಲಿ ಆಶ್ರಯ ಕೋರಿದವರೂ ಕೊಡಲಾರರು. ಎಲ್ಲಕ್ಕಿಂತ ಮಿಗಿಲಾಗಿ, ಬೆನ್ನು ಚಾಚುವ ವ್ಯಾಯಾಮ ಕೂಲಿಯ ದರವನ್ನು ಏರಿಸುವುದಿಲ್ಲ, ಉಚಲದ ಸಾಲವನ್ನು ತೀರಿಸುವುದಿಲ್ಲ, ಕಾಲುವೆಗೆ ನೀರು ತರುವುದಿಲ್ಲ, ಆಶ್ರಯದ ಅರ್ಜಿಯನ್ನು ಬೇಗ ಮುಗಿಸುವುದೂ ಇಲ್ಲ. ವ್ಯಾಯಾಮವನ್ನು ಇವುಗಳ ಬದಲಿಯಾಗಿ ಮುಂದಿಡುವ ಯಾವುದೇ ಕಾರ್ಯಕ್ರಮವನ್ನು ಅನುಮಾನದಿಂದ ನೋಡಬೇಕು.

ಆದರೂ ಸಣ್ಣದೊಂದು ಲಾಭ ಉಳಿಯುತ್ತದೆ. ಊರು ತೊರೆದವರ ಮೈ ಬಹುಕಾಲ ಬೇರೆಯವರ ಅಪ್ಪಣೆಯಂತೆ ಚಲಿಸಿರುತ್ತದೆ: ಗಡಿಯ ಸಾಲಿನಲ್ಲಿ, ಶಿಬಿರದ ಸಾಲಿನಲ್ಲಿ, ಕಬ್ಬಿನ ಸಾಲಿನಲ್ಲಿ. ಹೇಗೆ ಚಲಿಸಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ತಾವೇ ತೀರ್ಮಾನಿಸುವ ಅರ್ಧ ಗಂಟೆ ಅವರ ಪಾಲಿಗೆ ಕಡಿಮೆ ಬೆಲೆಯದಲ್ಲ. ಆ ಅರ್ಧ ಗಂಟೆಯನ್ನು ಮತ್ತೊಬ್ಬರು ಬರೆದ ಪಟ್ಟಿಯಿಂದ ತುಂಬಿದರೆ ಅದೂ ಅಪ್ಪಣೆಯೇ ಆಗಿಬಿಡುತ್ತದೆ.

ಗಡಿಭಾಗದ ಭಾಷೆಗಳೇ ಇಲ್ಲೊಂದು ಸೂಕ್ಷ್ಮವನ್ನು ಕಲಿಸುತ್ತವೆ. ಮರಾಠಿಯಲ್ಲಿ ‘ನಾವು’ ಎನ್ನಲು ಎರಡು ಪದಗಳಿವೆ. ಕೇಳುವವರನ್ನು ಹೊರಗಿಟ್ಟು ಹೇಳಿದರೆ ‘ಆಮ್ಹೀ’, ಅವರನ್ನು ಒಳಗೊಂಡು ಹೇಳಿದರೆ ‘ಆಪಣ’. ಇಂದಿನ ಕನ್ನಡದ ‘ನಾವು’ ಎರಡಕ್ಕೂ ಸಲ್ಲುತ್ತದೆ. ಕನ್ನಡದಲ್ಲಿ ‘ನಾವು ಒಂದು ವ್ಯಾಯಾಮ ಕ್ರಮ ರೂಪಿಸೋಣ’ ಎಂದು ಆರೋಗ್ಯಾಧಿಕಾರಿ ಹೇಳಿದಾಗ, ಕಬ್ಬು ಕಡಿದು ಬಂದ ಹೆಂಗಸು ಆ ‘ನಾವು’ ಎಂಬುದರೊಳಗೆ ಇದ್ದಾಳೆಯೋ ಇಲ್ಲವೋ ಎಂಬುದನ್ನು ವ್ಯಾಕರಣ ತಿಳಿಸುವುದಿಲ್ಲ. ಸಭೆ ಯಾವ ವೇಳೆಯಲ್ಲಿ, ಯಾವ ಭಾಷೆಯಲ್ಲಿ, ಯಾರ ಅಂಗಳದಲ್ಲಿ ಸೇರಿತು ಎಂಬುದು ಅದನ್ನು ತಿಳಿಸುತ್ತದೆ.